ಕಟ್ಟವೂ ಕಣಿಯೂ ಇರುವ ಬಾಲ್ದಿ

ಜುಲೈಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಸ್ನಾನಘಟ್ಟವನ್ನೇ ಮುಳುಗಿಸುವ ಕುಮಾರಧಾರೆ ಏಪ್ರಿಲ್ ಬರುವಷ್ಟರಲ್ಲಿ ಬಂಡೆಗಳ ಸಂದಿನಲ್ಲಿ ದಾರಿ ಹುಡುಕಿಕೊಂಡು ಹರಿಯುತ್ತದೆ. ಸುಳ್ಯದ ಪಯಸ್ವಿನಿಯದೂ ಅದೇ ಪಾಡು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಘಟ್ಟದ ಬುಡಕ್ಕೆ ಹತ್ತಿರವಾದಷ್ಟೂ ಇನ್ನೂ ಹೆಚ್ಚು. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಿದ್ದು ಹೋಗುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳ ನಡುವೆ ಆಕಾಶ ಕೊಡುವುದು ತೀರಾ ಕಡಿಮೆ. ಅದೇ ಹೊತ್ತಿನಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಒಂದು ಬೆಂಡೆ ಗಿಡ ಬದುಕುವುದು ಮೂರು ನಾಲ್ಕು ತಿಂಗಳು. ಅದಕ್ಕೆ ವರ್ಷದ ಸರಾಸರಿ ಮಳೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಇವತ್ತು ಮಧ್ಯಾಹ್ನ ಬೇರಿನ ಸುತ್ತ ನೀರಿದೆಯೇ ಇಲ್ಲವೇ ಎಂಬುದಷ್ಟೇ ಅದರ ಲೆಕ್ಕ.

ನೆಲವೂ ಈ ವಿಚಾರದಲ್ಲಿ ಸಹಾಯ ಮಾಡುವುದಿಲ್ಲ. ಈ ಸೀಮೆಯ ಮನೆಗಳ ಗೋಡೆಯಾಗಿರುವ ಮುರಕಲ್ಲಿಗೆ ವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರು ಬಂದದ್ದು 1807ರಲ್ಲಿ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಪುಸ್ತಕದಲ್ಲಿ ಆ ಹೆಸರು ಕೊಟ್ಟ. ಲಕ್ಷಾಂತರ ವರ್ಷಗಳ ಮಳೆಯಲ್ಲಿ ತೊಳೆದು ಕರಗುವುದೆಲ್ಲ ಕರಗಿ ಹೋದ ಮೇಲೆ ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳ ಗಟ್ಟಿ ಇದು. ಮೈತುಂಬ ರಂಧ್ರ. ಮಳೆನೀರು ಅದರೊಳಗೆ ಇಳಿದು ಬಾವಿಗೋ ಸುರಂಗಕ್ಕೋ ಸೇರುತ್ತದೆ. ಮೇಲಿನ ಒಂದಡಿ ಮಣ್ಣು ಮಾತ್ರ ಬೇಗ ಒಣಗುತ್ತದೆ. ತರಕಾರಿಯ ಬೇರು ಇರುವುದು ಆ ಒಂದಡಿಯಲ್ಲೇ.

ಅತಿಮಳೆ, ಅತಿಬಿಸಿಲು ಈ ಎರಡು ಅತಿಗಳ ನಡುವೆ ಅಡಿಕೆ ತೋಟವನ್ನು ಕಟ್ಟಿದವರು ಎರಡು ಉಪಾಯ ಕಂಡುಕೊಂಡಿದ್ದರು. ಮಳೆ ಹಿಂದೆ ಸರಿದ ಮೇಲೆ ತೋಡಿಗೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುವುದು ಒಂದು. ಗಡಿಯಾಚೆ ಕಾಸರಗೋಡಿನ ಏತಡ್ಕದಲ್ಲಿ ಒಂದರ ಕೆಳಗೆ ಒಂದರಂತೆ ಇಂಥ ಕಟ್ಟಗಳನ್ನು ಊರವರು ಸೇರಿ ಹಾಕುವ ಕ್ರಮ ಹೆಸರುವಾಸಿ. ಅಡಿಕೆ ಮರಗಳ ಸಾಲಿನ ನಡುವೆ ಕಣಿ ತೋಡಿ ಮಳೆಗಾಲದ ನೀರನ್ನು ತೋಟದಿಂದ ಹೊರಗೆ ಹರಿಸುವುದು ಇನ್ನೊಂದು. ಕಟ್ಟ ನೀರು ನಿಲ್ಲಿಸಲಿಕ್ಕೆ, ಕಣಿ ನೀರು ಬಿಡಲಿಕ್ಕೆ. ಒಂದೇ ತೋಟಕ್ಕೆ ಎರಡೂ ಬೇಕು. ಈ ಅಧ್ಯಾಯದಲ್ಲಿ ಹೇಳಹೊರಟಿರುವ, ತಾನೇ ನೀರು ಕುಡಿಸಿಕೊಳ್ಳುವ ತರಕಾರಿ ಬಾಲ್ದಿಯಲ್ಲಿ ಇರುವುದೂ ಇವೆರಡೇ. ಪೇಟೆಯಲ್ಲಿ ಸಿಗುವ ಚಂದದ ಕುಂಡಗಳ ಜಾಹೀರಾತಿನಲ್ಲಿ ಕಟ್ಟದ ವರ್ಣನೆ ಮಾತ್ರ ಇರುತ್ತದೆ. ನಮ್ಮ ಮಳೆಗೆ ಕಣಿ ಅದಕ್ಕಿಂತ ದೊಡ್ಡ ವಿಷಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂದೆ ತರಕಾರಿಗೆ ಬೇರೆ ಜಾಗವಿತ್ತು. ಭತ್ತ ಕೊಯ್ದ ಗದ್ದೆಯಲ್ಲಿ ಸೌತೆ, ಬೆಂಡೆ, ಅಲಸಂಡೆ, ಹರಿವೆಯ ಸಾಲು ಹಾಕಿ, ಗದ್ದೆ ಬದಿಯ ಹೊಂಡದಿಂದ ಕೊಡಪಾನದಲ್ಲಿ ನೀರು ಹೊಯ್ಯುತ್ತಿದ್ದರು. ಬಚ್ಚಲ ನೀರು ಹೋಗುವ ಕಡೆ ಬಸಳೆ ಚಪ್ಪರ. ಈಗ ಆ ಗದ್ದೆಗಳಲ್ಲಿ ಬಹುಪಾಲು ಅಡಿಕೆ ತೋಟವಾಗಿವೆ. ತೋಟದ ನೆರಳಿನಲ್ಲಿ ಟೊಮೆಟೊ ಹಣ್ಣಾಗುವುದಿಲ್ಲ. ಬಿಸಿಲು ಬೀಳುವ ಜಾಗವೆಂದರೆ ಅಂಗಳ ಮತ್ತು ತಾರಸಿ. ಚಳಿಗಾಲದಲ್ಲಿ ಅಲ್ಲೂ ಅಡಿಕೆ ಒಣಗಲು ಹರಡಿರುತ್ತದೆ. ಉಳಿಯುವುದು ತಾರಸಿಯ ಅಂಚು, ಪಾಗಾರದ ಬದಿ, ಬಾವಿಕಟ್ಟೆಯ ಸುತ್ತ. ಅಲ್ಲಿ ಚೀಲವೋ ಬಾಲ್ದಿಯೋ ಇಟ್ಟು ಗಿಡ ಬೆಳೆಸುವವರು ಪುತ್ತೂರು ಪೇಟೆಯ ಮನೆಗಳಲ್ಲಿ ಮಾತ್ರವಲ್ಲ, ಹಳ್ಳಿಯ ತೋಟದ ಮನೆಗಳಲ್ಲೂ ಇದ್ದಾರೆ. ಮಂಗ, ನವಿಲು, ಹಂದಿಗಳ ಕಾಟದಿಂದ ನೆಲದ ಬೆಳೆ ಕೈಗೆ ಹತ್ತದಿರುವುದೂ ಇದಕ್ಕೆ ಕಾರಣ. ಬಲೆ ಕಟ್ಟಿದ ತಾರಸಿಯ ಮೂಲೆಯೊಂದನ್ನು ಕಾಯುವುದು ಸುಲಭ.

ಆದರೆ ತಾರಸಿಯ ಕುಂಡಕ್ಕೆ ನೆಲದ ಆಸರೆ ಇಲ್ಲ. ಬುಡದ ಕಾಂಕ್ರೀಟ್ ಕಾದಿರುತ್ತದೆ, ನಾಲ್ಕೂ ಬದಿಗೆ ಗಾಳಿ ಬಡಿಯುತ್ತದೆ. ಮಾರ್ಚ್ ತಿಂಗಳಲ್ಲಿ ಬೆಳಿಗ್ಗೆ ಹೊಯ್ದ ನೀರು ಸಂಜೆಗೆ ಇಲ್ಲ. ಬ್ರಹ್ಮಕಲಶವೋ ಮದುವೆಯೋ ಬಂದು ಮನೆಯವರು ಎರಡು ದಿನ ಹೊರಗೆ ಉಳಿದರೆ, ಮರಳಿ ಬಂದಾಗ ಬದನೆ ಗಿಡ ಬಾಡಿ ಹೂ ಉದುರಿಸಿರುತ್ತದೆ. ನೀರಿಗೆ ಬರವಿಲ್ಲದ ಮನೆಯಲ್ಲೂ ಹೀಗಾಗುತ್ತದೆ. ಕೊರತೆ ಇರುವುದು ಹೊತ್ತಿಗೆ ಸರಿಯಾಗಿ ನೀರು ಹೊಯ್ಯುವ ಕೈಯದು.

ಬಾಲ್ದಿಯ ರಚನೆ ಸರಳ. 20 ಲೀಟರಿನ ಖಾಲಿ ಪೇಂಟ್ ಬಾಲ್ದಿ ಸಾಕು, ಚೆನ್ನಾಗಿ ತೊಳೆದದ್ದು. ತಳದಲ್ಲಿ ಏಳೆಂಟು ಸೆಂಟಿಮೀಟರ್ ಎತ್ತರದ ತೂತುಬುಟ್ಟಿಯನ್ನು ಬೋರಲು ಹಾಕಿದರೆ ಅದರ ಕೆಳಗೆ ಟೊಳ್ಳು ಜಾಗ ಉಳಿಯುತ್ತದೆ. ಅದೇ ನೀರಿನ ತೊಟ್ಟಿ. ಬಾಲ್ದಿಯ ಅಗಲ 28 ಸೆಂಟಿಮೀಟರ್ ಇದ್ದರೆ ಆ ಟೊಳ್ಳಿನ ಅಳತೆ ಸುಮಾರು 4.5 ಲೀಟರ್. ಬುಟ್ಟಿಯ ನಡುವಿನ ತೂತಿನಿಂದ ಬಟ್ಟೆಯ ಬತ್ತಿಯೊಂದು ಕೆಳಗಿನ ನೀರಿಗೆ ಇಳಿದಿರುತ್ತದೆ, ಅದರ ಮೇಲ್ತುದಿ ಮಣ್ಣಿನ ನಡುವೆ ಹರಡಿರುತ್ತದೆ. ಬತ್ತಿಯ ಬದಲು ಮೈಗೆಲ್ಲ ತೂತು ಕೊರೆದ ಪ್ಲಾಸ್ಟಿಕ್ ಲೋಟಕ್ಕೆ ಮಣ್ಣಿನ ಮಿಶ್ರಣ ತುಂಬಿ ನೀರಿಗೆ ಇಳಿಬಿಟ್ಟರೂ ಆದೀತು. ಒಂದು ಇಂಚಿನ ಪಿವಿಸಿ ಪೈಪು ಮೇಲಿನಿಂದ ತೊಟ್ಟಿಗೆ ನೀರು ತುಂಬಲಿಕ್ಕೆ. ಬಾಲ್ದಿಯ ಹೊರಮೈಯಲ್ಲಿ, ಬುಟ್ಟಿಯ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ, ಒಂದು ತೂತು. ಹೆಚ್ಚಾದ ನೀರು ಕೋಡಿ ಬೀಳುವುದು ಅಲ್ಲಿಂದ. ಕೊನೆಯದಾಗಿ, ತಳಮಟ್ಟದಲ್ಲೇ ಇನ್ನೊಂದು ತೂತು ಮತ್ತು ಅದಕ್ಕೊಂದು ಬಿರಡೆ. ಈ ಬಿರಡೆಯ ತೂತು ಹೊರದೇಶದ ಮಾದರಿಗಳಲ್ಲಿ ಅಷ್ಟು ಮುಖ್ಯವಲ್ಲ. ನಮಗೆ ಮುಖ್ಯ.

ಇನ್ನು ನೀರು ಮೇಲೇರುವ ವಿಚಾರ. ಸಪೂರ ಗಾಜಿನ ನಳಿಗೆಯನ್ನು ನೀರಿನಲ್ಲಿ ನಿಲ್ಲಿಸಿದರೆ ಒಳಗಿನ ನೀರು ಹೊರಗಿನ ಮಟ್ಟಕ್ಕಿಂತ ಮೇಲೆ ಬಂದು ನಿಲ್ಲುತ್ತದೆ. ಗಾಜಿನ ಮೇಲ್ಮೈ ನೀರಿನ ಅಣುಗಳನ್ನು ತನ್ನತ್ತ ಎಳೆಯುತ್ತದೆ, ಆ ಅಣುಗಳು ತಮ್ಮ ಬೆನ್ನಿಗಿರುವ ಅಣುಗಳನ್ನು ಎಳೆಯುತ್ತವೆ. ಮೇಲೆದ್ದ ನೀರಿನ ಭಾರ ಆ ಸೆಳೆತಕ್ಕೆ ಸಮನಾದಲ್ಲಿ ಏರಿಕೆ ನಿಲ್ಲುತ್ತದೆ. ನಳಿಗೆ ಸಪೂರವಾದಷ್ಟೂ ಏರಿಕೆ ಹೆಚ್ಚು ಎಂಬ ನಿಯಮವನ್ನು ಇಂಗ್ಲೆಂಡಿನ ವೈದ್ಯ ಜೇಮ್ಸ್ ಜುರಿನ್ 1718ರಲ್ಲಿ ತಿಳಿಸಿದ. 1 ಮಿಲಿಮೀಟರ್ ಅಗಲದ ರಂಧ್ರದಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರುತ್ತದೆ, 0.1 ಮಿಲಿಮೀಟರಿನಲ್ಲಿ 30 ಸೆಂಟಿಮೀಟರ್. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ನಿಯಮದಿಂದ. ಆಲ್ಬರ್ಟ್ ಐನ್‌ಸ್ಟೈನ್ 1901ರಲ್ಲಿ ಪ್ರಕಟಿಸಿದ ಮೊತ್ತಮೊದಲ ಸಂಶೋಧನಾ ಲೇಖನದ ವಿಷಯ ಈ ಲೋಮನಾಳ ಕ್ರಿಯೆಯೇ ಆಗಿತ್ತು. ಸಾಪೇಕ್ಷತೆಯತ್ತ ಹೋಗುವ ಮೊದಲು ಅವನ ಮನಸ್ಸನ್ನು ಹಿಡಿದಿದ್ದು ದ್ರವಗಳ ಅಣುಗಳ ಈ ಪರಸ್ಪರ ಸೆಳೆತ.

ಹಾಗಾದರೆ ರಂಧ್ರ ಸಣ್ಣದಾದಷ್ಟೂ ಒಳ್ಳೆಯದೇ? ಅಲ್ಲ. ಜೇಡಿಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ಲೆಕ್ಕದ ಪ್ರಕಾರ ಮೀಟರುಗಟ್ಟಲೆ ಏರಬಲ್ಲದು. ಆದರೆ ದಾರಿ ಅಷ್ಟು ಇಕ್ಕಟ್ಟಾದರೆ ಹರಿವು ತೀರಾ ನಿಧಾನ. ಗಿಡ ಮಧ್ಯಾಹ್ನ ಕೇಳಿದ ನೀರು ಮಾರನೆಯ ದಿನ ತಲುಪಿದರೆ ಏನು ಪ್ರಯೋಜನ? ಮರಳಿನಲ್ಲಿ ಹರಿವು ವೇಗದ್ದು, ಆದರೆ ಏರಿಕೆ ಗಿಡ್ಡ. ಇವೆರಡರ ನಡುವೆ ಬರುವುದು ತೆಂಗಿನ ನಾರಿನ ಹುಡಿ, ಅಂದರೆ ಕೊಕೊಪೀಟ್. ಒಣತೂಕದ ಏಳೆಂಟು ಪಟ್ಟು ನೀರು ಹಿಡಿದುಕೊಂಡೂ ಒಳಗೆ ಗಾಳಿಗೆ ಜಾಗ ಬಿಡುವ ಗುಣ ಅದಕ್ಕಿದೆ. ಏನೇ ಹಾಕಿದರೂ ತೊಟ್ಟಿಯ ನೀರಿನಿಂದ ಮೇಲಿನ ಮಣ್ಣಿನವರೆಗೆ ಒಂದಡಿಗಿಂತ ಹೆಚ್ಚು ಎತ್ತರ ಇಡಬಾರದು. ಎರಡಡಿ ಎತ್ತರದ ಡ್ರಮ್ಮಿನ ತಳದಲ್ಲಿ ಮಾತ್ರ ನೀರಿಟ್ಟು ಮೇಲೆ ಹರಿವೆ ಬಿತ್ತಿದರೆ ಎಳೆಯ ಬೇರಿಗೆ ಅದು ಸಿಗುವುದೇ ಇಲ್ಲ.

ಬತ್ತಿಯ ಆಯ್ಕೆಯಲ್ಲಿ ಒಂದು ಮಾತು. ಹಳೆಯ ಹತ್ತಿ ಪಂಚೆಯ ಬತ್ತಿ ಮೊದಲು ಚೆನ್ನಾಗಿ ನೀರೇರಿಸುತ್ತದೆ. ಆದರೆ ಒದ್ದೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಹತ್ತಿ ಎಂದರೆ ಆಹಾರ. ಬೆಳೆ ಮುಗಿಯುವ ಮೊದಲೇ ಅದು ಕೊಳೆಯಬಹುದು. ಪಾಲಿಯೆಸ್ಟರ್ ನೂಲು ತಾನು ನೀರನ್ನು ಹೀರುವುದಿಲ್ಲ, ಎಳೆಗಳ ನಡುವಿನ ಸಂದಿಯಲ್ಲಿ ನೀರು ಏರುತ್ತದೆ. ಹಾಗಾಗಿ ಹೊಸತರ ಮೈಯಲ್ಲಿರುವ ಎಣ್ಣೆಯ ಪಸೆಯನ್ನು ಸೋಪು ಹಾಕಿ ತೊಳೆಯಬೇಕು. ಯಾವ ಬಟ್ಟೆ ಆದೀತೆಂದು ತಿಳಿಯಲು ಅದರ ಪಟ್ಟಿಯ ತುದಿಯನ್ನು ಲೋಟದ ನೀರಿಗೆ ತಾಗಿಸಿ ತೂಗುಹಾಕಿ, ಒಂದು ಗಂಟೆಯಲ್ಲಿ ಒದ್ದೆ ಎಲ್ಲಿಯವರೆಗೆ ಏರಿತೆಂದು ನೋಡಿದರೆ ಸಾಕು. ಮಕ್ಕಳಿರುವ ಮನೆಯಲ್ಲಿ ನಾಲ್ಕಾರು ಬಟ್ಟೆಗಳನ್ನು ಒಟ್ಟಿಗೆ ತೂಗಿ ನೋಡುವುದು ಒಳ್ಳೆಯ ಪಾಠವೂ ಹೌದು.

ಬತ್ತಿ ನೀರನ್ನು ಮಣ್ಣಿನವರೆಗೆ ತರುತ್ತದೆ. ಮುಂದಿನ ಎಳೆತ ಎಲೆಯದು. ಎಲೆಯ ಅಡಿಯ ಪತ್ರರಂಧ್ರಗಳು ಬೆಳಕಿಗೆ ತೆರೆದುಕೊಂಡಾಗ ನೀರು ಆವಿಯಾಗಿ ಹೊರಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನಿಂದ ನೀರು ಬರಬೇಕು. ಎಲೆಯಿಂದ ಬೇರಿನವರೆಗೆ ತುಂಡಾಗದ ನೀರಿನ ಎಳೆಯೊಂದು ಇರುವುದರಿಂದ ಮೇಲಿನ ಸೆಳೆತ ಬುಡದವರೆಗೂ ತಲುಪುತ್ತದೆ ಎಂದು 1894ರಲ್ಲಿ ವಾದಿಸಿದವರು ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ. ನಮ್ಮ ಬಾಲ್ದಿಯಲ್ಲಿ ಆ ಎಳೆ ಬೇರಿನಲ್ಲಿ ಮುಗಿಯದೆ ಮಣ್ಣು, ಬತ್ತಿಗಳ ಮೂಲಕ ತೊಟ್ಟಿಯವರೆಗೂ ಮುಂದುವರಿಯುತ್ತದೆ. ಬೇರು ಸುತ್ತಲಿನ ಮಣ್ಣನ್ನು ಒಣಗಿಸಿದಷ್ಟು ಬತ್ತಿಯಿಂದ ನೀರು ಬರುತ್ತದೆ. ರಾತ್ರಿ ಪತ್ರರಂಧ್ರ ಮುಚ್ಚಿದಾಗ ತೊಟ್ಟಿಯ ಮಟ್ಟ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಮೋಡ ಕವಿದ ದಿನ ಕಡಿಮೆ, ಉರಿಬಿಸಿಲಿನ ದಿನ ಹೆಚ್ಚು. ಟೈಮರ್ ಹಾಕಿದ ಹನಿ ನೀರಾವರಿ ಗಡಿಯಾರ ನೋಡಿ ನೀರು ಕೊಡುತ್ತದೆ, ಇಲ್ಲಿ ಕೊಡುವ ಹೊತ್ತನ್ನು ಗಿಡವೇ ನಿಶ್ಚಯಿಸುತ್ತದೆ. ಈ ಸಾಧನದ ಬಗ್ಗೆ ನನಗಿರುವ ಪ್ರೀತಿಗೆ ಮೂಲ ಅದೇ.

ಒಂದು ಎಚ್ಚರ ಬೇಕು. ಪೂರಾ ಒಣಗಿದ ಕೊಕೊಪೀಟ್‌ನಲ್ಲಿ ಕೆಳಗಿನಿಂದ ನೀರು ಸುಲಭವಾಗಿ ಏರುವುದಿಲ್ಲ. ಹಾಗಾಗಿ ಗಿಡ ನೆಟ್ಟ ದಿನ ಮೇಲಿನಿಂದಲೇ ನೀರು ಹೊಯ್ದು ಕೋಡಿಯಿಂದ ಹೊರಬರುವವರೆಗೆ ಪೂರ್ತಿ ನೆನೆಸಬೇಕು. ತೊಟ್ಟಿ ಬರಿದಾಗಿ ಮಣ್ಣು ಪೂರಾ ಒಣಗಿದರೂ ಅಷ್ಟೇ. ನೀರಿನ ಎಳೆ ಕಡಿದುಹೋದ ಮೇಲೆ ತೊಟ್ಟಿ ತುಂಬಿಸಿದರೆ ಸಾಲದು, ಮತ್ತೆ ಮೇಲಿನಿಂದ ಹೊಯ್ಯಬೇಕು.

ಎಷ್ಟು ದಿನಕ್ಕೆ ಬರುತ್ತದೆ? ಬೇಸಗೆಯಲ್ಲಿ ಒಂದು ಚದರ ಮೀಟರ್ ಹಸಿರು ಹೊದಿಕೆ ದಿನಕ್ಕೆ ಸುಮಾರು 5 ಲೀಟರ್ ನೀರನ್ನು ಗಾಳಿಗೆ ಬಿಡುತ್ತದೆ. ಕಾಯಿ ಹಿಡಿದ ಟೊಮೆಟೊ ಗಿಡವೊಂದಕ್ಕೆ ಒಂದರಿಂದ ಎರಡು ಲೀಟರ್ ಬೇಕಾದೀತು. ಮಿಶ್ರಣದಲ್ಲೇ ಹಿಡಿದಿಟ್ಟ ನೀರನ್ನೂ ಸೇರಿಸಿದರೆ 20 ಲೀಟರಿನ ಬಾಲ್ದಿ ಏಪ್ರಿಲ್‌ನಲ್ಲಿ ಮೂರ್ನಾಲ್ಕು ದಿನ ಗಿಡವನ್ನು ಕಾಯುತ್ತದೆ, ಜನವರಿಯಲ್ಲಿ ಅದಕ್ಕಿಂತ ಹೆಚ್ಚು. ಮಣ್ಣಿನ ಮೇಲೆ ಒಣ ಸೋಗೆಯದ್ದೋ ತರಗೆಲೆಯದ್ದೋ ಹೊದಿಕೆ ಹಾಸಿದರೆ ಮಣ್ಣಿನಿಂದ ನೇರವಾಗಿ ಆರಿಹೋಗುವ ಪಾಲು ಉಳಿಯುತ್ತದೆ. ಗಿಡ ಕುಡಿಯುವ ನೀರು ಇದರಿಂದ ಕಡಿಮೆಯಾಗುವುದಿಲ್ಲ, ಎಲೆಯ ಲೆಕ್ಕದಲ್ಲಿ ರಿಯಾಯಿತಿ ಇಲ್ಲ. ಹೊದಿಕೆಯ ಉಳಿತಾಯ ಬಿಟ್ಟರೆ ತೊಟ್ಟಿಯ ಬಾಲ್ದಿಯಿಂದ ನೀರು ಉಳಿಯುವುದು ಸಾಮಾನ್ಯ ಕುಂಡದ ತಳದಿಂದ ಸೋರಿ ತಾರಸಿಯ ಮೇಲೆ ಹರಿದುಹೋಗುತ್ತಿದ್ದ ಭಾಗದಲ್ಲಿ.

ಭೂಮಿಯೊಳಗೆ ನೀರಿನ ಪಾತ್ರೆ ಇಟ್ಟು ಬೇರಿಗೆ ಉಣಿಸುವ ಯೋಚನೆ ಬಹಳ ಹಳೆಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಚೀನಾದ ಫಾನ್ ಷೆಂಗ್‌ಝಿ ಬರೆದ ಕೃಷಿ ಗ್ರಂಥದಲ್ಲಿ, ಮಣ್ಣಿನ ಮಡಕೆಯನ್ನು ಬಾಯಿಮಟ್ಟ ಹೂತು, ನೀರು ತುಂಬಿ, ಸುತ್ತ ನಾಲ್ಕು ಬಳ್ಳಿಬೀಜ ಊರುವ ವಿಧಾನ ಇದೆ. ಭಾರತದಲ್ಲಿ 1970ರ ದಶಕದಲ್ಲಿ ಕರ್ನಾಲಿನ ಲವಣಮಣ್ಣು ಸಂಶೋಧನಾ ಸಂಸ್ಥೆಯ ಆರ್.ಸಿ. ಮಂಡಲ್ ಈ ಮಡಕೆ ಬೇಸಾಯವನ್ನು ವೈಜ್ಞಾನಿಕವಾಗಿ ಪರಿಶೀಲಿಸಿ ಬರೆದರು. ಎಳೆಯ ತೆಂಗಿನ ಸಸಿಯ ಬುಡದಲ್ಲಿ ತೂತಿಗೆ ಬತ್ತಿ ಹಾಕಿದ ಮಡಕೆ ಹೂಳುವುದು ನಮ್ಮ ಕರಾವಳಿಗೂ ಗೊತ್ತು.

ಇವತ್ತಿನ ತೊಟ್ಟಿಪೆಟ್ಟಿಗೆಯ ಚರಿತ್ರೆಯಲ್ಲಿ ನಮಗೆ ಹತ್ತಿರವಾದ ಅಂಶವೊಂದಿದೆ. ಅದನ್ನು ಜನಪ್ರಿಯಗೊಳಿಸಿದ ಬ್ಲೇಕ್ ವಿಸೆನಂಟ್ ಅಮೆರಿಕದ ಫ್ಲೋರಿಡಾದಲ್ಲಿ ಟೊಮೆಟೊ ಬೆಳೆಗಾರ. 1990ರ ದಶಕದ ಆರಂಭದಲ್ಲಿ ಅವನನ್ನು ಕಂಗೆಡಿಸಿದ್ದು ಬರಗಾಲವಲ್ಲ, ಅತಿಮಳೆ. ಮಳೆ ಬೆಳೆಯನ್ನು ಹಾಳು ಮಾಡಿತು, ಹಾಕಿದ ಗೊಬ್ಬರವನ್ನು ತೊಳೆದೊಯ್ದಿತು. ಅದಾದ ಮೇಲೆ ಅವನು ರೂಪಿಸಿದ ಅರ್ಥ್‌ಬಾಕ್ಸ್ ಎಂಬ ಪೆಟ್ಟಿಗೆಯ ತಳದಲ್ಲಿ ಸುಮಾರು 11 ಲೀಟರ್ ನೀರಿನ ತೊಟ್ಟಿ, ಬದಿಯಲ್ಲಿ ಕೋಡಿಯ ತೂತು, ಮೇಲೆ ಮಳೆ ತಾಗದಂತೆ ಪ್ಲಾಸ್ಟಿಕ್ ಹೊದಿಕೆ. ನೀರು ಕೆಳಗಿನಿಂದ ಮೇಲಕ್ಕೆ ಬರುತ್ತದೆ, ಗೊಬ್ಬರ ಮೇಲಿನ ಪದರದಲ್ಲೇ ಉಳಿಯುತ್ತದೆ.

ಇನ್ನೊಂದು ಉದಾಹರಣೆ ಮಗ್ಗುಲಿನಲ್ಲೇ ಇದೆ. ಕೋಝಿಕ್ಕೋಡಿನ ಜಲಸಂಪನ್ಮೂಲ ಅಭಿವೃದ್ಧಿ ಮತ್ತು ನಿರ್ವಹಣಾ ಕೇಂದ್ರದ ವಿಜ್ಞಾನಿ ಕಮಲಂ ಜೋಸೆಫ್ ಅವರು ತಾರಸಿಯ ಗ್ರೋಬ್ಯಾಗುಗಳಿಗೆ ‘ತಿರಿನನ’ ಎಂಬ ಬತ್ತಿ ನೀರಾವರಿಯನ್ನು ರೂಪಿಸಿದರು. ಚೀಲವನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ನಡುವೆ ನೀರಿನ ಬಾಟಲಿಯನ್ನೋ ಪಿವಿಸಿ ಪೈಪನ್ನೋ ಮಲಗಿಸಿ, ಕೊಳೆಯದ ಗಾಜಿನ ನಾರಿನ ಬತ್ತಿಯಿಂದ ಎರಡನ್ನೂ ಜೋಡಿಸುವ ಕ್ರಮ ಅದು. ಮಳೆ, ಸೆಕೆ, ಮುರಕಲ್ಲು ಎಲ್ಲದರಲ್ಲೂ ನಮ್ಮಂತೆಯೇ ಇರುವ ಕೇರಳದ ಮನೆಗಳಲ್ಲಿ ಬಳಕೆಯಾದ ವಿಧಾನ. ಇದರ ಗುಣವೆಂದರೆ ತೊಟ್ಟಿ ಚೀಲದಿಂದ ಬೇರೆಯಾಗಿಯೇ ಇದೆ. ಬೇಡವಾದಾಗ ಬಾಟಲಿ ತೆಗೆದಿಟ್ಟರಾಯಿತು.

ತೊಟ್ಟಿಯನ್ನು ಯಾಕೆ ತೆಗೆದಿಡಬೇಕು? ಇಲ್ಲಿಗೆ ಬಂತು ಕಣಿಯ ಪ್ರಶ್ನೆ. ಬೇರು ಉಸಿರಾಡುತ್ತದೆ. ಅದಕ್ಕೆ ಬೇಕಾದ ಆಮ್ಲಜನಕ ಮಣ್ಣಿನ ರಂಧ್ರಗಳ ಗಾಳಿಯಿಂದ ಬರುತ್ತದೆ. ರಂಧ್ರಗಳಲ್ಲಿ ನೀರು ತುಂಬಿದರೆ ಆಮ್ಲಜನಕ ಸಾಗುವ ವೇಗ ಗಾಳಿಯಲ್ಲಿನ ವೇಗಕ್ಕಿಂತ ಸುಮಾರು 10 ಸಾವಿರ ಪಟ್ಟು ಇಳಿಯುತ್ತದೆ. ಉಸಿರುಕಟ್ಟಿದ ಬೇರು ನೀರನ್ನು ಎಳೆಯಲಾರದು. ಹಾಗಾಗಿ ನೀರು ಹೆಚ್ಚಾದ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ, ನೋಡಿದವರು ಇನ್ನೊಂದು ಚೊಂಬು ಹೊಯ್ಯುತ್ತಾರೆ. ತೂತುಬುಟ್ಟಿಗೂ ನೀರಿಗೂ ನಡುವೆ ಒಂದು ಬೆರಳಿನ ಗಾಳಿಯ ಸಂದು ಬಿಡಬೇಕೆನ್ನುವುದು ಇದೇ ಕಾರಣಕ್ಕೆ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ಸಣ್ಣ ರಂಧ್ರದ ಮಣ್ಣು ತನ್ನ ನೀರನ್ನು ದೊಡ್ಡ ಸಂದಿನ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಣ್ಣಿನ ತಳದ ಕೆಲವು ಸೆಂಟಿಮೀಟರ್ ಸದಾ ತೊಯ್ದೇ ಇರುತ್ತದೆ. ಜಲ್ಲಿ ಹಾಕಿದ್ದರಿಂದ ಆ ತೊಯ್ದ ಪದರ ಬೇರಿಗೆ ಇನ್ನಷ್ಟು ಹತ್ತಿರ ಏರಿತು, ಅಷ್ಟೆ.

ಉಸಿರುಕಟ್ಟಿದ ಬೇರಿಗೆ ಕಾದು ಕುಳಿತವರೂ ಇದ್ದಾರೆ. ಅಡಿಕೆ ಬೆಳೆಗಾರರಿಗೆ ಕೊಳೆರೋಗವನ್ನು ಪರಿಚಯಿಸಬೇಕಾಗಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಧ್ಯಯನ ಮಾಡಿದ, ಇಂದಿಗೂ ಬೋರ್ಡೋ ದ್ರಾವಣ ಹೊಡೆದು ತಡೆಯುವ ಆ ರೋಗದ ಹಿಂದಿರುವುದು ಫೈಟಾಫ್ಥೊರಾ. ಅದರ ದಾಯಾದಿ ಪಿಥಿಯಂ ತರಕಾರಿಯ ಬೇರನ್ನು ಕೊಳೆಸುತ್ತದೆ, ಎಳೆ ಸಸಿಯನ್ನು ಬುಡದಲ್ಲೇ ಮಲಗಿಸುತ್ತದೆ. ಎರಡರ ಬೀಜಕಗಳೂ ಸಣ್ಣ ಬಾಲಗಳನ್ನು ಆಡಿಸುತ್ತಾ ನೀರಿನಲ್ಲಿ ಈಜಬಲ್ಲವು. ನಿಂತ ನೀರು ಅವುಗಳಿಗೆ ರಸ್ತೆ. ಜೂನ್ ಹತ್ತಿರ ಬಂದಾಗ ತಳದ ಬಿರಡೆ ಕೀಳಬೇಕೆಂದು ಒತ್ತಿ ಹೇಳುತ್ತಿರುವುದು ಅದಕ್ಕೆ. ಒಂದೇ ದಿನ ನೂರು ಮಿಲಿಮೀಟರ್ ಸುರಿಯುವ ಊರಿನಲ್ಲಿ ಬದಿಯ ಕೋಡಿ ಒಂದೇ ಸಾಲದು. ಎಲೆ ಬಿದ್ದು ಅದು ಕಟ್ಟಿದರೆ ಬಾಲ್ದಿ ಕೆರೆಯಾಗುತ್ತದೆ.

ಒಳಗೆ ತುಂಬುವುದೇನು? ಅಂಗಳದ ಕೆಂಪುಮಣ್ಣೊಂದನ್ನೇ ತುಂಬಿದರೆ ಕೆಲವೇ ತಿಂಗಳಲ್ಲಿ ಅದು ಒತ್ತಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ನೆಲದಲ್ಲಿ ಎರೆಹುಳು, ಬೇರು, ಗೆದ್ದಲು ಮಾಡುವ ಉಳುಮೆ ಬಾಲ್ದಿಯಲ್ಲಿಲ್ಲ. ಅರ್ಧ ಕೊಕೊಪೀಟ್, ಉಳಿದರ್ಧದಲ್ಲಿ ಕಳಿತ ಗೊಬ್ಬರ ಮತ್ತು ಸ್ವಲ್ಪ ಮರಳು, ಒಂದು ಹಿಡಿ ಮೇಲ್ಮಣ್ಣು. ಅಡಿಕೆ ಸೋಗೆ, ಹಾಳೆಗಳಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ಬೆಳೆಗಾರರಿಗೆ ಕಲಿಸಿದೆ. ತೋಟವಿರುವ ಮನೆಗೆ ಗೊಬ್ಬರ ಹೊರಗಿನಿಂದ ತರುವ ಅಗತ್ಯವೇ ಇಲ್ಲ. ಹಸಿ ಕೊಕೊಪೀಟಿನಲ್ಲಿ ಉಪ್ಪು ಮತ್ತು ಚೊಗರು ಇರುತ್ತವೆ. ಬಣ್ಣ ಬಿಡುವುದು ತಗ್ಗುವವರೆಗೆ ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ ಹಿಂಡಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕ ಹೆಸರಿನಲ್ಲಿ ಹುದುಗಿಸಿದ ಕೊಕೊಪೀಟನ್ನೂ ಮಣ್ಣಿಲ್ಲದ ತರಕಾರಿ ಬೇಸಾಯಕ್ಕೆ ಪೋಷಕ ರಸವನ್ನೂ ಹೊರತಂದಿದೆ. ಜೀವಾಮೃತ, ಗೋಮೂತ್ರ, ಹಿಂಡಿಯ ನೀರನ್ನು ಮಾತ್ರ ತೊಟ್ಟಿಗೆ ಹಾಕಬೇಡಿ. ಮುಚ್ಚಿದ ತೊಟ್ಟಿಯಲ್ಲಿ ಅವು ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿ ನಾರುತ್ತವೆ. ಅವುಗಳ ಜಾಗ ಮೇಲಿನ ಮಣ್ಣು.

ನೀರು ಒಂದೇ ದಿಕ್ಕಿನಲ್ಲಿ, ಕೆಳಗಿನಿಂದ ಮೇಲಕ್ಕೆ, ಹರಿಯುವುದರಿಂದ ಇನ್ನೊಂದು ಪರಿಣಾಮ ಉಂಟು. ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ ಲವಣ ಮೇಲ್ಪದರದಲ್ಲಿ ಉಳಿಯುತ್ತದೆ. ಗಡಸು ನೀರಿನ ಬಯಲುಸೀಮೆಯಲ್ಲಿ ಇದು ಬೇಗನೆ ಬಿಳಿ ಪದರವಾಗಿ ಕಾಣಿಸುತ್ತದೆ. ಮುರಕಲ್ಲಿನ ಬಾವಿಯ ನೀರು ಮೆದು, ಲವಣ ಕಡಿಮೆ, ಸ್ವಲ್ಪ ಹುಳಿ ಗುಣದ್ದು. ಮೇಲಾಗಿ ಪ್ರತಿ ಜೂನ್‌ನಲ್ಲೂ ಬಿರಡೆ ಕಿತ್ತ ಬಾಲ್ದಿಯ ಮೂಲಕ ಮಳೆ ಇಳಿದು ಕೂಡಿದ ಉಪ್ಪನ್ನೆಲ್ಲ ತೊಳೆದೊಯ್ಯುತ್ತದೆ. ಒಣನಾಡಿನ ಬೆಳೆಗಾರ ಸಿಹಿನೀರು ಖರ್ಚುಮಾಡಿ ಮಾಡಬೇಕಾದ ಕೆಲಸ ಇಲ್ಲಿ ತಾನಾಗಿ ನಡೆಯುತ್ತದೆ. ಆದರೆ ಅದೇ ಮಳೆ ಪೋಷಕಾಂಶಗಳನ್ನೂ ಬಿಡುವುದಿಲ್ಲ. ಅಕ್ಟೋಬರಿನಲ್ಲಿ ಹೊಸ ಬೆಳೆಗೆ ಮೊದಲು ಗೊಬ್ಬರವನ್ನೂ ಒಂದು ಹಿಡಿ ಸುಣ್ಣವನ್ನೂ ಬೆರೆಸಬೇಕು.

ಸುಣ್ಣ ಹುಳಿ ಕಳೆಯಲಿಕ್ಕೆ ಮಾತ್ರವಲ್ಲ. ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಒಳಸೇರಿ ಕೊಳೆಯುವುದನ್ನು ಬೆಳೆಸಿದವರೆಲ್ಲ ನೋಡಿರುತ್ತಾರೆ. ಅದಕ್ಕೆ ಹುಳವೂ ಕಾರಣವಲ್ಲ, ಶಿಲೀಂಧ್ರವೂ ಅಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪಿಲ್ಲ. ಕ್ಯಾಲ್ಸಿಯಂ ಗಿಡದೊಳಗೆ ನೀರಿನೊಂದಿಗೆ ಮಾತ್ರ ಸಾಗುತ್ತದೆ, ಒಮ್ಮೆ ಎಲೆಗೆ ಸೇರಿದರೆ ಮತ್ತೆ ಕಾಯಿಗೆ ಹಿಂತಿರುಗುವುದಿಲ್ಲ. ಒಂದು ದಿನ ಒಣಗಿಸಿ ಇನ್ನೊಂದು ದಿನ ತೋಯಿಸಿದರೆ ಮಣ್ಣಿನಲ್ಲಿ ಸುಣ್ಣ ಇದ್ದರೂ ಕಾಯಿಗೆ ಸಿಗುವುದಿಲ್ಲ. ತೊಟ್ಟಿಯ ಬಾಲ್ದಿ ಕೈಯಿಂದ ನೀರೆರೆದ ಕುಂಡವನ್ನು ಸ್ಪಷ್ಟವಾಗಿ ಸೋಲಿಸುವುದು ಇಂಥಲ್ಲಿ.

ಕರಾವಳಿಯಲ್ಲಿ ಟೊಮೆಟೊ, ಬದನೆಗಳ ದೊಡ್ಡ ಶತ್ರು ಬೇರೆ. ಸಂಜೆಗೆ ಹಸಿರಾಗಿದ್ದ ಗಿಡ ಮರುದಿನ ಹಸಿರಾಗಿಯೇ ಜೋತು ಬೀಳುತ್ತದೆ. ಕಾಂಡ ಕತ್ತರಿಸಿ ತಿಳಿನೀರಿನ ಲೋಟಕ್ಕೆ ತಾಗಿಸಿದರೆ ಹಾಲಿನ ಎಳೆಯಂಥ ದ್ರವ ಇಳಿಯುತ್ತದೆ. ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ತರುವ ಸೊರಗು ರೋಗ ಅದು. ಸೆಕೆಯ, ಒದ್ದೆಯ, ಹುಳಿಮಣ್ಣು ಅದಕ್ಕೆ ಹಿತ. ಹೊಸ ಕೊಕೊಪೀಟ್ ತುಂಬಿದ ಬಾಲ್ದಿಗೆ ಆ ಸೋಂಕು ನೆಲದಿಂದ ಬರಲಾರದು. ಬರುವುದು ರೋಗವಿದ್ದ ಮೇಲ್ಮಣ್ಣಿನಿಂದ, ಸಸಿಯಿಂದ ಅಥವಾ ನೀರಿನಿಂದ. ಹತ್ತಾರು ಬಾಲ್ದಿಗಳನ್ನು ಪೈಪಿನಲ್ಲಿ ಜೋಡಿಸಿ ಒಂದೇ ತೊಟ್ಟಿಯಿಂದ ನೀರು ಕೊಡುವ ಏರ್ಪಾಡು ಅನುಕೂಲದ್ದಾದರೂ, ಒಂದು ಗಿಡದ ಸೊರಗು ನೀರಿನ ದಾರಿಯಲ್ಲಿ ಉಳಿದವಕ್ಕೂ ಹೋಗಬಹುದು. ಟೊಮೆಟೊ, ಬದನೆ, ಮೆಣಸಿಗೆ ಒಂದೊಂದಕ್ಕೂ ಅದರದೇ ತೊಟ್ಟಿ ಇರಲಿ. ಸೊರಗು ತಡೆಯುವ ಅರ್ಕ ರಕ್ಷಕ್‌ನಂಥ ಟೊಮೆಟೊ ತಳಿ, ಕಾಡು ಸುಂಡೆಗೆ ಕಸಿ ಕಟ್ಟಿದ ಬದನೆ ಸಸಿ ಸಿಕ್ಕಿದರೆ ಇನ್ನೂ ಒಳ್ಳೆಯದು.

ಸೊಳ್ಳೆಯ ವಿಚಾರವನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. 2019ರ ಮಳೆಗಾಲದಲ್ಲಿ ದಕ್ಷಿಣ ಕನ್ನಡ ಡೆಂಗಿಯಿಂದ ಬಹಳ ನರಳಿತು. ಸುಳ್ಯ, ಕಡಬದ ಕಡೆ ರಬ್ಬರ್ ತೋಟದ ಹಾಲಿನ ಚಿಪ್ಪು, ಅಡಿಕೆ ತೋಟದಲ್ಲಿ ಬಿದ್ದ ಹಾಳೆ, ತೆಂಗಿನ ಗೆರಟೆ ಎಲ್ಲವೂ ಈಡಿಸ್ ಸೊಳ್ಳೆಗೆ ತೊಟ್ಟಿಲೇ. ಅದಕ್ಕೆ ಬೇಕಾದದ್ದು ಅಂಗೈಯಷ್ಟು ನಿಂತ ನೀರು ಮತ್ತು ಏಳೆಂಟು ದಿನ. ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ. ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದು ಮುಂದಿನ ನೀರಿಗೆ ಒಡೆಯಬಲ್ಲವು. ಹಾಗಾಗಿ ತೊಟ್ಟಿಯನ್ನು ಆಗಾಗ ಬರಿದು ಮಾಡಿದರೆ ಸಾಲದು, ಸೊಳ್ಳೆ ಒಳಗೆ ಹೋಗಲು ದಾರಿಯೇ ಇರಬಾರದು. ನೀರು ತುಂಬುವ ಪೈಪಿಗೆ ಮುಚ್ಚಳ, ಕೋಡಿಯ ತೂತಿಗೆ ಸೊಳ್ಳೆಪರದೆಯ ತುಂಡು ಬೇಕೇ ಬೇಕು. ಕುಂಡದ ಕೆಳಗೆ ಬಟ್ಟಲಿಟ್ಟು ಅದರಲ್ಲಿ ನೀರು ನಿಲ್ಲಿಸುವ ರೂಢಿ ಇದ್ದರೆ ಬಿಟ್ಟುಬಿಡಿ. ಹೊರಗಿನಿಂದ ತೊಟ್ಟಿಯ ಮಟ್ಟ ಕಾಣಲೆಂದು ಪಾರದರ್ಶಕ ಪಾತ್ರೆ ಬಳಸುವವರುಂಟು. ಬೆಳಕು ಹೋದಲ್ಲಿ ಪಾಚಿ ಬರುತ್ತದೆ. ಪೈಪಿನೊಳಗೆ ಥರ್ಮೋಕೋಲ್ ತುಂಡಿಗೆ ಕಡ್ಡಿ ಚುಚ್ಚಿ ಇಳಿಬಿಟ್ಟರೆ ಕಡ್ಡಿಯ ತುದಿಯೇ ಮಟ್ಟ ಹೇಳುತ್ತದೆ.

ಯಾವ ತರಕಾರಿ ಒಗ್ಗುತ್ತದೆ? ಹರಿವೆ, ಬಸಳೆ, ಮೆಣಸು, ಬದನೆ, ಟೊಮೆಟೊ, ಬೆಂಡೆ ಚೆನ್ನಾಗಿ ಬರುತ್ತವೆ. ಬಸಳೆಗೆ ಎಷ್ಟು ನೀರಾದರೂ ಬೇಕು, ತೊಟ್ಟಿಯ ಬಾಲ್ದಿ ಅದಕ್ಕೆ ಹೇಳಿಮಾಡಿಸಿದ್ದು. ಅಲಸಂಡೆ ಬೆಳೆಯುತ್ತದೆ, ಆದರೆ ಅದಕ್ಕೆ ಈ ಉಪಚಾರ ಅಷ್ಟೇನೂ ಬೇಡ. ತೊಂಡೆ ವರ್ಷಗಟ್ಟಲೆ ನಿಲ್ಲುವ ಬಳ್ಳಿ, ಸುವರ್ಣಗೆಡ್ಡೆಗೆ ಒಣ ವಿಶ್ರಾಂತಿ ಬೇಕು. ಇವೆರಡಕ್ಕೂ ನೆಲವೇ ಸರಿ. ಹತ್ತು ಹನ್ನೆರಡು ಬಾಲ್ದಿಯಿಂದ ಮನೆಯ ತರಕಾರಿ ಖರ್ಚು ಪೂರಾ ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ವಾರಕ್ಕೆರಡು ಬಾರಿ ಹರಿವೆಯ ಪಲ್ಯ, ಬೇಕಾದಾಗ ಹಸಿಮೆಣಸು, ಒಂದೆರಡು ಬದನೆಯ ಗೊಜ್ಜು ಇಷ್ಟು ಧಾರಾಳ ಸಿಗುತ್ತದೆ. ವಿಷ ಹೊಡೆಯದ ಸೊಪ್ಪನ್ನು ಕೊಯ್ದ ಗಳಿಗೆಯಲ್ಲೇ ಒಲೆಗೆ ಏರಿಸುವುದು ಸಣ್ಣ ಸಂಗತಿಯೇನಲ್ಲ.

ಮೇ ಕೊನೆಯಲ್ಲಿ ಬೇಸಗೆಯ ಬೆಳೆ ಮುಗಿಯುತ್ತದೆ. ಬಿರಡೆ ಕಿತ್ತ ಬಾಲ್ದಿಗಳನ್ನು ಮಾಡಿನ ಅಂಚಿನ ನೀರು ನೇರ ಬೀಳದ ಕಡೆಗೆ ಸರಿಸಿ ಮೆಣಸನ್ನೂ ಬದನೆಯನ್ನೂ ಉಳಿಸಿಕೊಳ್ಳಬಹುದು. ಆದರೆ ಒಂದೆರಡು ಬಾಲ್ದಿಯ ಬಿರಡೆಯನ್ನು ಹಾಗೆಯೇ ಬಿಡಬೇಕು. ಅವು ಕೆಸುವಿಗೆ ಮತ್ತು ಒಂದೆಲಗಕ್ಕೆ. ಕೆಸುವಿನ ದಂಟನ್ನು ಅಡ್ಡ ಕತ್ತರಿಸಿದರೆ ಸ್ಪಂಜಿನಂತೆ ಗಾಳಿಯ ಕೋಣೆಗಳು ಕಾಣುತ್ತವೆ. ಎಲೆ ಒಳಗೆಳೆದ ಆಮ್ಲಜನಕ ಆ ಕೋಣೆಗಳ ದಾರಿಯಲ್ಲಿ ಬೇರಿನವರೆಗೆ ಇಳಿಯುತ್ತದೆ. ಭತ್ತ ನಿಂತ ನೀರಿನಲ್ಲಿ ಬದುಕುವ ಗುಟ್ಟೂ ಇದೇ. ಬೇರಿನ ಉಸಿರು ಕಟ್ಟಿಸುವ ನಿಂತ ನೀರು ಇವುಗಳನ್ನು ಅಷ್ಟಾಗಿ ಬಾಧಿಸುವುದಿಲ್ಲ. ಕೋಡಿಯ ಪರದೆಯನ್ನು ವಾರಕ್ಕೊಮ್ಮೆ ಒರೆಸಿ, ಪೈಪಿನ ಮುಚ್ಚಳ ಬಿಗಿದಿದೆಯೇ ನೋಡಿಕೊಂಡರೆ, ಆಟಿ ತಿಂಗಳ ಪತ್ರೊಡೆಗೆ ಎಲೆಯೂ ದಿನದ ತಂಬುಳಿಗೆ ಒಂದೆಲಗವೂ ಅದೇ ಬಾಲ್ದಿಗಳಿಂದ ಬರುತ್ತವೆ.